ಟೇಪ್ ಡ್ರೈವ್‌ಗೆ ಎರಡನೆಯ ದಾರಿ: ಕೇಬಲ್ ಸಿಕ್ಕಿಸುವ ಮೊದಲು, ಸಿಕ್ಕಿಸಿದ ಮೇಲೆ

ಡಿಸ್ಕ್ ಅರೇಗೆ (ಹಲವು ಡಿಸ್ಕ್‌ಗಳ ಪೆಟ್ಟಿಗೆಗೆ) ಎರಡು ಕೇಬಲ್ ಎಳೆದು, ಸರ್ವರ್‌ನಲ್ಲಿ ಮಲ್ಟಿಪಾಥ್ (ಎರಡು ದಾರಿಗಳಲ್ಲಿ ಕಾಣುವುದು ಒಂದೇ ಸಾಧನವೆಂದು ಗುರುತಿಸುವ ಸೌಲಭ್ಯ) ಚಾಲೂ ಮಾಡಿ, ಒಂದು ಕೇಬಲ್ ಕಿತ್ತು ನೋಡಿ, ಕೆಲಸ ನಿಲ್ಲದಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಟೇಪ್ ಡ್ರೈವ್‌ಗೂ ಅದೇ ಉಪಾಯ ಸಾಕೆಂದುಕೊಂಡವರಿಗೆ ಮರುದಿನ ಬೆಳಿಗ್ಗೆ ಸಿಗುವುದು ಎರಡನೆಯ ದಾರಿಯಲ್ಲ, ಎರಡನೆಯ ಡ್ರೈವ್. ಅದೂ ಇಲ್ಲದ ಡ್ರೈವ್. ಒಂದೇ ಯಂತ್ರ ಎರಡು ಕಡೆಯಿಂದ ಕಾಣುವುದರಿಂದ ಸರ್ವರ್ ಅದನ್ನು ಎರಡೆಂದು ಎಣಿಸುತ್ತದೆ. ಬ್ಯಾಕಪ್ ತಂತ್ರಾಂಶ ಆ ಲೆಕ್ಕವನ್ನು ನಂಬಿ ಎರಡು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತದೆ. ಮೊದಲನೆಯದು ಡ್ರೈವ್ ಹಿಡಿದು ಕೂತಿರುತ್ತದೆ. ಎರಡನೆಯದು ಬಾಗಿಲು ಬಡಿದು ಬಡಿದು ಸೋತು, ವಿಫಲವಾದೆ ಎಂದು ಮಿಂಚಂಚೆ ಕಳುಹಿಸುತ್ತದೆ.

ಟೇಪ್ ಲೈಬ್ರರಿಗೆ (ಡ್ರೈವ್‌ಗಳೂ ಕಾರ್ಟ್ರಿಜ್‌ಗಳ ಗೂಡುಗಳೂ ಅವನ್ನು ಎತ್ತಿಡುವ ರೋಬೋಟ್ ಕೈಯೂ ಒಟ್ಟಿಗಿರುವ ಯಂತ್ರಕ್ಕೆ) ನಿಜವಾದ ಬದಲಿ ದಾರಿ ಕಟ್ಟುವುದು ಹೇಗೆಂದು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು ಸಾಧಾರಣ ಗಾತ್ರದ ಒಂದು ವ್ಯವಸ್ಥೆ: ಐಬಿಎಂ ಟಿಎಸ್4300 ಲೈಬ್ರರಿ, ಮೂಲ ಮಾಡ್ಯೂಲ್‌ನಲ್ಲೊಂದು ಮತ್ತು ವಿಸ್ತರಣೆ ಮಾಡ್ಯೂಲ್‌ನಲ್ಲೊಂದು ಪೂರ್ಣ ಎತ್ತರದ ಎಲ್‌ಟಿಓ-9 (ಎಲ್‌ಟಿಓ ಬಗೆಯ ಟೇಪ್‌ನ ಒಂಬತ್ತನೆಯ ಪೀಳಿಗೆ) ಡ್ರೈವ್, ಎರಡು ಫೈಬರ್ ಚಾನೆಲ್ (ಡಿಸ್ಕ್, ಟೇಪ್‌ಗಳನ್ನು ಸರ್ವರ್‌ಗೆ ಜೋಡಿಸುವ ಜಾಲ) ಸ್ವಿಚ್, ಒಂದು ಲಿನಕ್ಸ್ ಸರ್ವರ್. ನಿಮ್ಮದು ಬೇರೆ ಕಂಪನಿಯ ಲೈಬ್ರರಿಯಾದರೆ ಗುಂಡಿಗಳ ಹೆಸರು ಬದಲಾಗುತ್ತದೆ, ತರ್ಕ ಬದಲಾಗುವುದಿಲ್ಲ.

ಟೇಪ್ ಏಕೆ ಹಟ ಮಾಡುತ್ತದೆ

ಡಿಸ್ಕ್ ಎಂದರೆ ಸಾಲುಸಂಖ್ಯೆ ಹಾಕಿದ ಲೆಕ್ಕದ ಪುಸ್ತಕ. '47ನೆಯ ಸಾಲಿನಲ್ಲಿ ಇದನ್ನು ಬರೆ' ಎಂದು ಎರಡು ಸಲ ಹೇಳಿದರೂ ನಷ್ಟವಿಲ್ಲ, ಅದೇ ಸಾಲಿನ ಮೇಲೆ ಅದೇ ಮಾತು ಬೀಳುತ್ತದೆ. ಟೇಪ್ ಎಂದರೆ ಶಾಲೆಯ ಉಕ್ತಲೇಖನ. ಮೇಷ್ಟರು ಹೇಳುತ್ತಾ ಹೋಗುತ್ತಾರೆ, ಹುಡುಗ ಮುಂದಿನ ಸಾಲಿನಲ್ಲಿ ಬರೆಯುತ್ತಾ ಹೋಗುತ್ತಾನೆ. ಈ ಪಾಠ ಫೋನಿನಲ್ಲಿ ನಡೆಯುತ್ತಿದೆ ಎಂದುಕೊಳ್ಳಿ; ನಡುವೆ ಕರೆ ಕಡಿದುಹೋಯಿತು. ಕೊನೆಯ ವಾಕ್ಯವನ್ನು ಹುಡುಗ ಬರೆದುಕೊಂಡನೋ ಇಲ್ಲವೋ ಮೇಷ್ಟರಿಗೆ ತಿಳಿಯದು. ಮತ್ತೆ ಹೇಳಿದರೆ ಎರಡು ಸಲ ಬರೆದಾನು, ಹೇಳದಿದ್ದರೆ ಒಂದು ವಾಕ್ಯ ಹಾರಿಹೋದೀತು. ಬೇರೆ ಫೋನಿನಿಂದ ಕರೆ ಮಾಡಿದ ಮೇಷ್ಟರು ಮೊದಲು ಕೇಳಬೇಕಾದದ್ದು 'ಎಲ್ಲಿಯವರೆಗೆ ಬರೆದಿದ್ದೀಯ?' ಎಂದು.

ಟೇಪ್‌ಗೆ ಬೇಕಾದ ಫೇಲ್‌ಓವರ್ ಇಷ್ಟೇ, ಮತ್ತು ಇಷ್ಟೂ. ದಾರಿ ಕಡಿದಾಗ ಡ್ರೈವರ್ ತಂತ್ರಾಂಶ ಇನ್ನೊಂದು ದಾರಿಯಿಂದ ಹೋಗಿ, ಟೇಪ್ ಯಾವ ಬ್ಲಾಕ್‌ನ ಮೇಲೆ ನಿಂತಿದೆ ಎಂದು ವಿಚಾರಿಸಿ, ತನ್ನ ಲೆಕ್ಕದೊಂದಿಗೆ ತಾಳೆ ನೋಡಿ, ಆಮೇಲೆ ಮಾತ್ರ ಬರೆಯುವುದನ್ನು ಮುಂದುವರಿಸಬೇಕು. ಲಿನಕ್ಸ್‌ನ ಸಾಮಾನ್ಯ ಮಲ್ಟಿಪಾಥ್ ಕೆಲಸ ಮಾಡುವುದು ಬ್ಲಾಕ್ ಸಾಧನಗಳಿಗೆ, ಅಂದರೆ ಡಿಸ್ಕ್‌ಗಳಿಗೆ. ಟೇಪ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಲಿನಕ್ಸ್ ಜೊತೆ ಬರುವ ಸಾದಾ ಟೇಪ್ ಡ್ರೈವರ್‌ಗೆ ಈ ವಿದ್ಯೆ ಬಾರದು.

ಇನ್ನೊಂದು ತೊಡಕು ಕಾಯ್ದಿರಿಸುವಿಕೆಯದು. ಬರೆಯುತ್ತಿರುವ ಡ್ರೈವ್‌ಗೆ ಬೇರೆ ಸರ್ವರ್ ಕೈಹಾಕದಿರಲಿ ಎಂದು ಅದನ್ನು ಕಾಯ್ದಿರಿಸುತ್ತಾರೆ. ಹಳೆಯ ಬಗೆಯ ಕಾಯ್ದಿರಿಸುವಿಕೆ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದಂತೆ: ಎಸೆದ ಕಿಟಕಿಗೆ ಮಾತ್ರ ಅದರ ಹಕ್ಕು. ಆ ದಾರಿ ಸತ್ತರೆ ಅದೇ ಸರ್ವರ್ ಇನ್ನೊಂದು ಬಾಗಿಲಿನಿಂದ ಬಂದರೂ 'ಸೀಟು ಖಾಲಿಯಿಲ್ಲ' ಎಂಬ ಉತ್ತರವೇ ಸಿಗುತ್ತದೆ. ಪರ್ಸಿಸ್ಟೆಂಟ್ ರಿಸರ್ವೇಶನ್ ಎಂಬುದು ಮುಂಗಡ ಟಿಕೆಟ್; ಸಂಖ್ಯೆ ತೋರಿಸಿದರೆ ಯಾವ ಬಾಗಿಲಿನಿಂದ ಹತ್ತಿದರೂ ಸೀಟು ನಿಮ್ಮದೇ. ಫೇಲ್‌ಓವರ್ ಬೇಕೆಂದರೆ ಎರಡನೆಯದೇ ಇರಬೇಕು.

ಹಂತ 1: ಯಾವ ದಾರಿ ಬೇಕು, ಎಷ್ಟು ಬೇಕು

ಲೈಬ್ರರಿಯಲ್ಲಿ ಎರಡು ಬಗೆಯ ದಾರಿಗಳಿವೆ. ದತ್ತಾಂಶ ಹರಿಯುವ ದಾರಿ ಒಂದು. ರೋಬೋಟ್ ಕೈಗೆ 'ಆ ಗೂಡಿನ ಕಾರ್ಟ್ರಿಜ್ ತೆಗೆದು ಈ ಡ್ರೈವ್‌ಗೆ ಹಾಕು' ಎಂದು ಹೇಳುವ ನಿಯಂತ್ರಣದ ದಾರಿ ಇನ್ನೊಂದು. ಎಲ್ಲರೂ ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಕಾಡುವುದು ಎರಡನೆಯದು.

ಕಾರಣ ಸರಳ. ಈ ವರ್ಗದ ಲೈಬ್ರರಿಗಳಲ್ಲಿ ರೋಬೋಟ್‌ಗೆ ತನ್ನದೇ ಆದ ಫೈಬರ್ ಕೇಬಲ್ ಇರುವುದಿಲ್ಲ. ಯಾವುದೋ ಒಂದು ಡ್ರೈವ್‌ನ ಹೆಗಲೇರಿ ಅದು ಸರ್ವರ್‌ಗೆ ಕಾಣಿಸಿಕೊಳ್ಳುತ್ತದೆ: ಡ್ರೈವ್ ಲುನ್ 0, ರೋಬೋಟ್ ಲುನ್ 1 (ಲುನ್ ಎಂದರೆ ಒಂದೇ ಪೋರ್ಟ್‌ನ ಹಿಂದಿರುವ ಸಾಧನಗಳಿಗೆ ಕೊಡುವ ಸಂಖ್ಯೆ). ಆ ಡ್ರೈವ್ ಕೆಟ್ಟು ರಿಪೇರಿಗೆಂದು ಹೊರಗೆಳೆದ ಕ್ಷಣವೇ ರೋಬೋಟ್ ಕೂಡ ಮಾಯ. ಇನ್ನೊಂದು ಡ್ರೈವ್ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಟೇಪ್ ತಂದುಕೊಡುವವರಿಲ್ಲ. ಆದ್ದರಿಂದ ಲೈಬ್ರರಿಯ ನಿರ್ವಹಣಾ ಪುಟಕ್ಕೆ ಹೋಗಿ, ಎರಡೂ ಡ್ರೈವ್‌ಗಳನ್ನು ನಿಯಂತ್ರಣದ ದಾರಿಗಳೆಂದು ಗುರುತಿಸಿ. ಲೈಬ್ರರಿಯನ್ನು ಹಲವು ತಾರ್ಕಿಕ ಭಾಗಗಳಾಗಿ ಒಡೆದಿದ್ದರೆ ಪ್ರತಿ ಭಾಗಕ್ಕೂ ಇದನ್ನು ಪ್ರತ್ಯೇಕವಾಗಿ ಮಾಡಬೇಕು.

ದತ್ತಾಂಶದ ದಾರಿಗೆ ಎರಡು ಪೋರ್ಟ್ ಇದ್ದರೆ ವೇಗ ದುಪ್ಪಟ್ಟಾಗುತ್ತದೆಂಬ ಆಸೆ ಬೇಡ. ಪೂರ್ಣ ಎತ್ತರದ ಎಲ್‌ಟಿಓ-9 ಡ್ರೈವ್, ಸಂಕುಚನವಿಲ್ಲದೆ ಸೆಕೆಂಡಿಗೆ 400 ಎಂಬಿ ಬರೆಯುತ್ತದೆ. 8 ಗಿಗಾಬಿಟ್ ಫೈಬರ್ ಚಾನೆಲ್ ಪೋರ್ಟ್ ಸುಮಾರು 800 ಎಂಬಿ ಹೊರುತ್ತದೆ. ಒಂದು ದಾರಿಯೇ ಸಾಕಷ್ಟು ಅಗಲ. ಎರಡನೆಯದು ಕಾಯುತ್ತಾ ಕೂರುವುದಕ್ಕೇ ಇರುವುದು.

ಹಂತ 2: ಕೈಯಲ್ಲಿ ಏನಿದೆ ಎಂದು ನೋಡಿ

ಮೊದಲು ಡ್ರೈವ್‌ನ ಬೆನ್ನು ನೋಡಿ. ಪೂರ್ಣ ಎತ್ತರದ ಫೈಬರ್ ಚಾನೆಲ್ ಡ್ರೈವ್‌ಗಳಿಗೆ ಎರಡು ಪೋರ್ಟ್ ಇರುತ್ತವೆ. ಅರ್ಧ ಎತ್ತರದವುಗಳಲ್ಲಿ ಅನೇಕಕ್ಕೆ ಒಂದೇ. ಒಂದೇ ಪೋರ್ಟ್ ಇದ್ದರೆ ಸರ್ವರ್ ಕಡೆಯ ಕಾರ್ಡ್‌ಗಳನ್ನಾದರೂ ಎರಡು ಮಾಡಿಕೊಳ್ಳಬಹುದು. ಆದರೆ ಡ್ರೈವ್‌ನಿಂದ ಸ್ವಿಚ್‌ವರೆಗಿನ ಆ ಒಂದು ಕೇಬಲ್‌ಗೆ ಬದಲಿ ಇಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಎರಡನೆಯದು ಲೈಸೆನ್ಸ್. ಎಲ್‌ಟಿಓ ಲೈಬ್ರರಿಗಳಲ್ಲಿ ಪಾಥ್ ಫೇಲ್‌ಓವರ್ ಬಹಳ ಸಲ ಪ್ರತ್ಯೇಕ ಹಣ ಕೊಟ್ಟು ಪಡೆಯಬೇಕಾದ ಸೌಲಭ್ಯ. ಕೀಲಿಸಂಖ್ಯೆಯನ್ನು ಲೈಬ್ರರಿಗೆ ಹಾಕುವವರೆಗೆ ನೀವು ಎಷ್ಟೇ ಕೇಬಲ್ ಎಳೆದರೂ ಅದು ಮಿಸುಕಾಡುವುದಿಲ್ಲ. ಖರೀದಿ ಪಟ್ಟಿಯಲ್ಲಿ ಇದು ಬಿಟ್ಟುಹೋಗಿ, ಅಳವಡಿಕೆಯ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವುದು ಹೊಸದೇನಲ್ಲ. ಹೆವ್ಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನ ಲೈಬ್ರರಿಗಳಲ್ಲಿ ಬೇಸಿಕ್ ಮತ್ತು ಅಡ್ವಾನ್ಸ್ಡ್ ಎಂಬ ಎರಡು ಬಗೆಯ ಫೇಲ್‌ಓವರ್‌ಗಳಿವೆ. ಅಡ್ವಾನ್ಸ್ಡ್ ಬಗೆಗೆ ಸರ್ವರ್‌ನಲ್ಲಿ ಅವರ ಡ್ರೈವರ್ ಬೇಕೇ ಬೇಕು. ಯಾವುದು ಸಿಗುತ್ತಿದೆ ಎಂದು ಆರ್ಡರ್ ಕೊಡುವಾಗಲೇ ಕೇಳಿ.

ಮೂರನೆಯದನ್ನು ಹೊಸ ಸ್ವಿಚ್ ಕೊಂಡವರು ಮರೆಯುತ್ತಾರೆ. ಡ್ರೈವ್‌ನ ಪೋರ್ಟ್ 8 ಗಿಗಾಬಿಟ್‌ನದು. ಸ್ವಿಚ್‌ನಲ್ಲಿ ಕೂರುವ 32 ಗಿಗಾಬಿಟ್ ಎಸ್‌ಎಫ್‌ಪಿ (ಕೇಬಲ್ ಸಿಕ್ಕಿಸುವ ಪುಟ್ಟ ಬಿಡಿಭಾಗ) 8ರವರೆಗೆ ಇಳಿದು ಮಾತಾಡುತ್ತದೆ. 64 ಗಿಗಾಬಿಟ್‌ನದು 16ರ ಕೆಳಗೆ ಇಳಿಯುವುದಿಲ್ಲ. ಹೊಳೆಯುವ ಹೊಸ ಸ್ವಿಚ್, ಹೊಳೆಯದ ದೀಪ. ಕಾರಣ ಇಷ್ಟೇ ಆಗಿರುತ್ತದೆ.

ಹಂತ 3: ಕೇಬಲ್

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರಿಗೆ ಶಿರಾಡಿ ಮುಚ್ಚಿದರೆ ಚಾರ್ಮಾಡಿ ಇದೆ. ಆದರೆ ಎರಡೂ ಘಾಟಿಗಳ ಮೇಲೆ ಸುರಿಯುವುದು ಒಂದೇ ಮುಂಗಾರು. ಮಳೆ ಜೋರಾದ ವರ್ಷ ಎರಡೂ ಕಡೆ ಗುಡ್ಡ ಜರಿದದ್ದುಂಟು. ಎರಡು ದಾರಿಗಳನ್ನು ಕಟ್ಟುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ದಾರಿಗಳಿವೆ ಎಂದಲ್ಲ. ಯಾವ ಮಳೆಗೆ ಎರಡೂ ಒಟ್ಟಿಗೆ ಮುಚ್ಚುತ್ತವೆ ಎಂದು.

ಸರ್ವರ್‌ನಿಂದ ಶುರುಮಾಡಿ. ಎರಡು ಪೋರ್ಟ್ ಇರುವ ಒಂದೇ ಎಚ್‌ಬಿಎ ಕಾರ್ಡ್ (ಸರ್ವರ್ ಅನ್ನು ಫೈಬರ್ ಚಾನೆಲ್‌ಗೆ ಜೋಡಿಸುವ ಕಾರ್ಡ್) ಎರಡು ದಾರಿಯಲ್ಲ. ಕಾರ್ಡ್ ಸುಟ್ಟರೆ ಎರಡೂ ಸತ್ತವು. ಎರಡು ಕಾರ್ಡ್ ಬೇಕು. ಮೊದಲ ಕಾರ್ಡ್‌ನಿಂದ ಎ ಸ್ವಿಚ್‌ಗೆ, ಎರಡನೆಯದರಿಂದ ಬಿ ಸ್ವಿಚ್‌ಗೆ. ಎ ಸ್ವಿಚ್‌ನಿಂದ ಎರಡೂ ಡ್ರೈವ್‌ಗಳ ಮೊದಲ ಪೋರ್ಟ್‌ಗೆ, ಬಿ ಸ್ವಿಚ್‌ನಿಂದ ಎರಡನೆಯ ಪೋರ್ಟ್‌ಗೆ. ಎರಡು ಸ್ವಿಚ್‌ಗಳನ್ನು ಪರಸ್ಪರ ಜೋಡಿಸಬೇಡಿ. ಒಂದರಲ್ಲಾದ ಝೋನಿಂಗ್ (ಯಾವ ಪೋರ್ಟ್‌ಗೆ ಯಾವುದು ಕಾಣಬೇಕೆಂದು ಸ್ವಿಚ್‌ನಲ್ಲಿ ಗುಂಪು ಮಾಡುವುದು) ಎಡವಟ್ಟು ಇನ್ನೊಂದಕ್ಕೂ ಹರಿದುಬರುತ್ತದೆ. ಸ್ವಿಚ್‌ಗಳಿಗೂ ಲೈಬ್ರರಿಯ ಎರಡು ವಿದ್ಯುತ್ ಪೂರೈಕೆಗಳಿಗೂ ಬೇರೆ ಬೇರೆ ವಿದ್ಯುತ್ ಮೂಲವಿರಲಿ.

ಆಮೇಲೆ ಕೇಬಲ್ ನಡೆಯುವ ಹಾದಿ. ನಕ್ಷೆಯಲ್ಲಿ ಎ ಮತ್ತು ಬಿ ಎರಡು ಬಣ್ಣದ ಗೆರೆಗಳಾಗಿ ದೂರ ದೂರ ಇರುತ್ತವೆ. ರ‍್ಯಾಕ್‌ನ ಹಿಂದೆ ಹೋಗಿ ನೋಡಿದರೆ ಎರಡೂ ಒಂದೇ ವೆಲ್ಕ್ರೋ ಪಟ್ಟಿಯಲ್ಲಿ ಬಿಗಿದು, ಒಂದೇ ಟ್ರೇನಲ್ಲಿ ಮಲಗಿರುತ್ತವೆ. ಅಂದವಾಗಿ ಕಟ್ಟುವ ಹುಡುಗನದು ತಪ್ಪಲ್ಲ, ಅವನಿಗೆ ಯಾರೂ ಹೇಳಿರುವುದಿಲ್ಲ. ಎ ಕೇಬಲ್‌ಗಳು ರ‍್ಯಾಕ್‌ನ ಎಡಬದಿಯಿಂದ, ಬಿ ಕೇಬಲ್‌ಗಳು ಬಲಬದಿಯಿಂದ ಇಳಿಯಲಿ. ಎರಡೂ ತುದಿಗೆ ಚೀಟಿ ಹಚ್ಚಿ. ಚೀಟಿಯ ಮೇಲೆ ಬರೀ ಸಂಖ್ಯೆ ಬೇಡ; ಎಲ್ಲಿಂದ ಎಲ್ಲಿಗೆ ಎಂಬುದಿರಲಿ. ನಡುರಾತ್ರಿ ಟಾರ್ಚ್ ಹಿಡಿದು ಮಂಡಿಯೂರಿ ಓದುವವರು ನೀವೇ ಆಗಿರಬಹುದು.

ಹಂತ 4: ಝೋನಿಂಗ್

ಪ್ರತಿ ಝೋನ್‌ನಲ್ಲಿ ಸರ್ವರ್‌ನ ಒಂದೇ ಪೋರ್ಟ್, ಅದರ ಜೊತೆ ಆ ಸ್ವಿಚ್‌ಗೆ ಸೇರಿದ ಡ್ರೈವ್ ಪೋರ್ಟ್‌ಗಳು. ಡಿಸ್ಕ್‌ಗೆ ಬಳಸುವ ಎಚ್‌ಬಿಎ ಪೋರ್ಟ್ ಅನ್ನೇ ಟೇಪ್‌ಗೂ ಬಳಸಬೇಡಿ. ಡಿಸ್ಕ್‌ನ ಕಡೆ ಏನಾದರೂ ತೊಂದರೆಯಾಗಿ ರೀಸೆಟ್ ಹೊರಟರೆ ಅದರ ಪೆಟ್ಟು ಟೇಪ್‌ಗೂ ಬೀಳುತ್ತದೆ, ಮತ್ತು ರೀಸೆಟ್ ಆದ ಟೇಪ್ ಡ್ರೈವ್ ಕಾರ್ಟ್ರಿಜ್ ಅನ್ನು ಆರಂಭಕ್ಕೆ ಸುತ್ತಿಬಿಡಬಹುದು. ಅದನ್ನು ಗಮನಿಸದೆ ಬರೆಯುವುದನ್ನು ಮುಂದುವರಿಸುವ ತಂತ್ರಾಂಶವೇನಾದರೂ ನಿಮ್ಮದಾಗಿದ್ದರೆ, ಟೇಪ್‌ನ ಮೊದಲ ಭಾಗದಲ್ಲಿದ್ದದ್ದು ಹೋಯಿತು.

ಝೋನ್‌ಗೆ ಕೊಡುವ ವಿಳಾಸ ಡ್ರೈವ್‌ನದೋ ಗೂಡಿನದೋ ಎಂದೂ ನೋಡಿ. ಹಲವು ಲೈಬ್ರರಿಗಳು ಡ್ರೈವ್ ಕೂರುವ ಜಾಗಕ್ಕೇ ವಿಳಾಸ ಕೊಡುತ್ತವೆ. ಡ್ರೈವ್ ಬದಲಾದರೂ ವಿಳಾಸ ಬದಲಾಗದು. ಆ ಸೌಲಭ್ಯವಿದ್ದರೆ ಬಳಸಿ.

ಹಂತ 5: ಸರ್ವರ್‌ನಲ್ಲಿ ಡ್ರೈವರ್

ಐಬಿಎಂ ಡ್ರೈವ್‌ಗಳಿಗೆ ಲಿನಕ್ಸ್‌ನಲ್ಲಿ ಲಿನ್‌ಟೇಪ್ ಎಂಬ ಡ್ರೈವರ್ ಇದೆ. ಅದನ್ನು ಅಳವಡಿಸಿದ ಮಾತ್ರಕ್ಕೆ ಫೇಲ್‌ಓವರ್ ಚಾಲೂ ಆಗುವುದಿಲ್ಲ. ಮಾಡ್ಯೂಲ್ ಸಂಯೋಜನೆಯ ಕಡತದಲ್ಲಿ 'ಆಲ್ಟರ್ನೇಟ್ ಪಾಥಿಂಗ್' ಆಯ್ಕೆಗೆ 1 ಎಂದು ಬರೆದು, ಟೇಪ್ ಕೆಲಸಗಳೆಲ್ಲ ನಿಂತಿರುವಾಗ ಡ್ರೈವರ್ ಅನ್ನು ಇಳಿಸಿ ಮತ್ತೆ ಏರಿಸಬೇಕು. ಎಐಎಕ್ಸ್ (ಐಬಿಎಂನ ಯುನಿಕ್ಸ್) ಸರ್ವರ್ ಆದರೆ ಇದೇ ಆಯ್ಕೆಯನ್ನು ಪ್ರತಿ ಡ್ರೈವ್‌ಗೂ ರೋಬೋಟ್‌ಗೂ 'ಯೆಸ್' ಮಾಡಬೇಕು. ಆಗ ಸಾಧನಗಳ ಪಟ್ಟಿಯಲ್ಲಿ ವಿಳಾಸದ ಕೊನೆಗೆ ಒಂದಕ್ಕೆ ಪಿಆರ್‌ಐ, ಇನ್ನೊಂದಕ್ಕೆ ಎಎಲ್‌ಟಿ ಎಂಬ ಬಾಲ ಬರುತ್ತದೆ.

ಲಿನಕ್ಸ್‌ನಲ್ಲಿ ಲಿನ್‌ಟೇಪ್ ತನ್ನದೇ ಪಟ್ಟಿಯೊಂದನ್ನು 'ಪ್ರಾಕ್' ಕಡತಕೋಶದಲ್ಲಿ ಇಡುತ್ತದೆ. ಸಾಧನದ ಸಂಖ್ಯೆ, ಮಾದರಿ, ಸೀರಿಯಲ್ ಸಂಖ್ಯೆ, ಎಚ್‌ಬಿಎ, ಕೊನೆಯಲ್ಲಿ ಫೇಲ್‌ಓವರ್ ಪಾಥ್ ಎಂಬ ಕಂಬಸಾಲು. ಈ ಕಡೆಯ ಕಂಬಸಾಲನ್ನು ಕಣ್ಣಿಟ್ಟು ಓದಿ. ನಮ್ಮ ಉದಾಹರಣೆಯಲ್ಲಿ ಪ್ರತಿ ಡ್ರೈವ್‌ನ ಸೀರಿಯಲ್ ಸಂಖ್ಯೆ ಎರಡೆರಡು ಸಲ ಬರಬೇಕು, ಒಂದರೆದುರು 'ಪ್ರೈಮರಿ', ಇನ್ನೊಂದರೆದುರು 'ಆಲ್ಟರ್ನೇಟ್'. ರೋಬೋಟ್‌ನ ಪಟ್ಟಿಯಲ್ಲಿ ಒಂದೇ ಸೀರಿಯಲ್ ಸಂಖ್ಯೆ ನಾಲ್ಕು ಸಲ: ಎರಡು ಡ್ರೈವ್, ಪ್ರತಿಯೊಂದಕ್ಕೂ ಎರಡು ಪೋರ್ಟ್. ಒಟ್ಟು ಎಂಟು ದಾರಿ. 'ಎನ್ಎ' ಎಂದು ಕಂಡರೆ ಡ್ರೈವರ್ ಈ ದಾರಿಯನ್ನು ಫೇಲ್‌ಓವರ್‌ಗೆ ಸೇರಿಸಿಕೊಂಡಿಲ್ಲ. ಆಯ್ಕೆಯನ್ನೂ ಲೈಸೆನ್ಸನ್ನೂ ಮತ್ತೆ ನೋಡಿ.

ಸಾಧನದ ಸಂಖ್ಯೆ ಸರ್ವರ್ ಮರುಚಾಲನೆಯಾದಾಗ ಅದಲುಬದಲಾಗಬಹುದು. ಸೀರಿಯಲ್ ಸಂಖ್ಯೆಯ ಆಧಾರದ ಸ್ಥಿರ ಹೆಸರುಗಳನ್ನು ಈಗಲೇ ಕೊಟ್ಟುಬಿಡಿ.

ಹಂತ 6: ಬ್ಯಾಕಪ್ ತಂತ್ರಾಂಶಕ್ಕೆ ಒಂದೇ ಹೆಸರು

ಡ್ರೈವ್‌ಗೆ ಒಂದು ಹೆಸರು, ರೋಬೋಟ್‌ಗೆ ಒಂದು ಹೆಸರು. ಬದಲಿ ದಾರಿಯ ಸಾಧನಗಳನ್ನು ಸೇರಿಸಬೇಡಿ. ತಾನಾಗಿ ಹುಡುಕುವ ಗುಂಡಿ ಒತ್ತಿದರೆ ಕೆಲವು ತಂತ್ರಾಂಶಗಳು ಸಿಕ್ಕಿದ್ದೆಲ್ಲವನ್ನೂ ಬಾಚಿಕೊಳ್ಳುತ್ತವೆ, ಆದ್ದರಿಂದ ಮುಗಿದ ಮೇಲೆ ಸೀರಿಯಲ್ ಸಂಖ್ಯೆಗಳನ್ನು ತಾಳೆ ನೋಡಿ. ಒಂದೇ ಡ್ರೈವ್‌ಗೆ ಹಲವು ದಾರಿಗಳನ್ನು ತಾವೇ ನಿಭಾಯಿಸುವ ತಂತ್ರಾಂಶಗಳೂ ಇವೆ. ಒಳ್ಳೆಯದೇ; ಆದರೆ ಡ್ರೈವರ್ ಅಥವಾ ತಂತ್ರಾಂಶ, ಯಾರಾದರೂ ಒಬ್ಬರಿಗೆ ಮಾತ್ರ ಈ ಯಜಮಾನಿಕೆ ಕೊಡಿ.

ಹಂತ 7: ಮುರಿದು ನೋಡಿ

ಪಟ್ಟಿಯಲ್ಲಿ ಎಂಟು ದಾರಿ ಕಂಡ ದಿನವೇ ಕೈ ತೊಳೆದುಕೊಳ್ಳುವವರೇ ಹೆಚ್ಚು. 'ಎಲ್ಲ ಹಸಿರು ಇದೆಯಲ್ಲ ಸರ್' ಎಂದು ಒಬ್ಬ ಕಿರಿಯ ಸಹೋದ್ಯೋಗಿ ನನ್ನನ್ನು ಕೇಳಿದ್ದ. ದೀಪ ಹಸಿರಾಗಿರುವುದು ಬೆಳಕು ಬರುತ್ತಿದೆ ಎಂಬುದಕ್ಕೆ ಸಾಕ್ಷಿ. ಬರೆಯುತ್ತಿರುವಾಗ ದಾರಿ ಕಡಿದರೆ ಟೇಪ್ ಸರಿಯಾದ ಬ್ಲಾಕ್‌ನಿಂದ ಮುಂದುವರಿಯುತ್ತದೆಯೇ ಎಂಬುದಕ್ಕೆ ದೀಪದ ಬಳಿ ಉತ್ತರವಿಲ್ಲ.

ಪರೀಕ್ಷೆಗೆ ಒಂದು ಕಾರ್ಟ್ರಿಜ್ ಮೀಸಲಿಡಿ. ಎಲ್‌ಟಿಓ-9ರಲ್ಲಿ ಪೊಟ್ಟಣ ಒಡೆದ ಹೊಸ ಕಾರ್ಟ್ರಿಜ್ ಬೇಡ. ಹೊಸದನ್ನು ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ಹದಗೊಳಿಸಿಕೊಳ್ಳುತ್ತದೆ. ಸರಾಸರಿ 40 ನಿಮಿಷ, ಕೆಲವೊಮ್ಮೆ ಎರಡು ಗಂಟೆಯವರೆಗೂ ಹಿಡಿಯುತ್ತದೆ. ಫೇಲ್‌ಓವರ್ ಕೆಟ್ಟಿದೆ ಎಂದುಕೊಂಡು ಅಷ್ಟರಲ್ಲಿ ನೀವು ಅರ್ಧ ವ್ಯವಸ್ಥೆ ಬಿಚ್ಚಿರುತ್ತೀರಿ.

ಡಿಸ್ಕ್‌ನಲ್ಲಿ 100 ಜಿಬಿಯಷ್ಟು ಅಡ್ಡಾದಿಡ್ಡಿ ದತ್ತಾಂಶದ ಕಡತ ಮಾಡಿ, ಅದರ ಚೆಕ್‌ಸಮ್ (ಕಡತದ ಒಂದು ಅಕ್ಷರ ಬದಲಾದರೂ ಬದಲಾಗುವ ತಾಳೆಸಂಖ್ಯೆ) ತೆಗೆದಿಡಿ. ಸೊನ್ನೆಗಳನ್ನು ತುಂಬಿದ ಕಡತ ಬೇಡ, ಡ್ರೈವ್ ಅದನ್ನು ಕುಗ್ಗಿಸಿ ಬೇಗನೆ ಮುಗಿಸಿಬಿಡುತ್ತದೆ. ಪೂರ್ಣ ವೇಗದಲ್ಲಿ 100 ಜಿಬಿ ಬರೆಯಲು ನಾಲ್ಕು ನಿಮಿಷದ ಮೇಲೆ ತುಸು ಬೇಕು. ದಾರಿ ಕಡಿಯಲು ಇಷ್ಟು ಹೊತ್ತು ಸಾಕು. ಬರೆಯಲು ಶುರುವಾಗಿ ಒಂದು ನಿಮಿಷವಾದ ಮೇಲೆ, ಸ್ವಿಚ್‌ನಲ್ಲಿ ಸರ್ವರ್ ಕಡೆಯ ಎ ಪೋರ್ಟ್ ಅನ್ನು ನಿಷ್ಕ್ರಿಯಗೊಳಿಸಿ. ಕೇಬಲ್ ಕಿತ್ತರೂ ಆಗುತ್ತದೆ, ಆದರೆ ಕಿತ್ತು ಸಿಕ್ಕಿಸುವಾಗ ತುದಿಗೆ ದೂಳು ಸೇರುತ್ತದೆ.

ಸ್ವಲ್ಪ ಹೊತ್ತು ಎಲ್ಲ ನಿಂತಂತೆ ಕಾಣುತ್ತದೆ. ಗಾಬರಿ ಬೇಡ, ಕೈ ಕಟ್ಟಿ ಕೂರಿ. ಬರವಣಿಗೆ ಮತ್ತೆ ಹರಿಯಬೇಕು, ಲಾಗ್‌ನಲ್ಲಿ ದಾರಿ ಬದಲಾಯಿಸಿದ ಸಾಲು ಬಿದ್ದಿರಬೇಕು. ಮುಗಿದ ಮೇಲೆ ಟೇಪ್ ಸುತ್ತಿ, ಪೂರ್ತಿ ಓದಿ, ಚೆಕ್‌ಸಮ್ ಹೋಲಿಸಿ. ಪರೀಕ್ಷೆ ಗೆದ್ದದ್ದು ಇಲ್ಲಿ, ಬರೆದು ಮುಗಿದಲ್ಲಿ ಅಲ್ಲ.

ಎ ಪೋರ್ಟ್ ಮತ್ತೆ ಚಾಲೂ ಮಾಡಿ, ಈಗ ಡ್ರೈವ್ ಕಡೆಯ ಪೋರ್ಟ್ ಕಡಿಯಿರಿ. ಇದು ಬೇರೆಯೇ ಪರೀಕ್ಷೆ. ಸರ್ವರ್ ಕಡೆಯಲ್ಲಿ ಕಡಿದಾಗ ಸರ್ವರ್‌ಗೆ ಕತ್ತಲು ತಕ್ಷಣ ಗೊತ್ತಾಗುತ್ತದೆ. ಡ್ರೈವ್ ಕಡೆಯಲ್ಲಿ ಕಡಿದಾಗ ಸರ್ವರ್‌ನ ದೀಪ ಉರಿಯುತ್ತಲೇ ಇರುತ್ತದೆ. ಸುದ್ದಿ ಸ್ವಿಚ್‌ನಿಂದ ಬರಬೇಕು, ಎಚ್‌ಬಿಎ ತನ್ನ ಗಡುವು ಮುಗಿಯುವವರೆಗೆ ಕಾಯುತ್ತದೆ. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ, ಬ್ಯಾಕಪ್ ತಂತ್ರಾಂಶದ ತಾಳ್ಮೆ ಅದಕ್ಕಿಂತ ದೊಡ್ಡದಿರಬೇಕು. ಮೂರನೆಯದಾಗಿ, ರೋಬೋಟ್ ಕಾರ್ಟ್ರಿಜ್ ಹೊತ್ತು ಸಾಗುತ್ತಿರುವಾಗ ಅದರ ಪ್ರೈಮರಿ ದಾರಿ ಕಡಿಯಿರಿ. ಆಮೇಲೆ ಬಿ ಕಡೆಗೂ ಇಷ್ಟನ್ನೇ ಮತ್ತೊಮ್ಮೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ದಾರಿ ಸತ್ತಾಗ ಇದು ನೆರವಿಗೆ ಬರುತ್ತದೆ. ಡ್ರೈವ್ ಸತ್ತಾಗ ಅಲ್ಲ. 'ಬರೆದಾಯಿತು' ಎಂದು ಡ್ರೈವ್ ಹೇಳಿದ ದತ್ತಾಂಶದಲ್ಲಿ ಸ್ವಲ್ಪ ಭಾಗ ಇನ್ನೂ ಅದರ ಬಫರ್‌ನಲ್ಲೇ ಇರುತ್ತದೆ. ಕೇಬಲ್ ಹೋದರೂ ಡ್ರೈವ್‌ಗೆ ವಿದ್ಯುತ್ ಇದ್ದರೆ ಅದು ಟೇಪ್‌ಗೆ ಇಳಿಯುತ್ತದೆ. ಡ್ರೈವ್‌ಗೇ ವಿದ್ಯುತ್ ಹೋದರೆ ಆ ಭಾಗ ಹೋಯಿತು, ಕೆಲಸವನ್ನು ಇನ್ನೊಂದು ಡ್ರೈವ್‌ನಲ್ಲಿ ಮತ್ತೆ ಹಚ್ಚಬೇಕು.

ಹಂತ 8: ದಾರಿ ಎಣಿಸುತ್ತಿರಿ

ಹಿಂದೆ ನಾನಿದ್ದ ಒಂದು ಕಡೆ ಇದೆಲ್ಲವೂ ಸರಿಯಾಗಿತ್ತು. ಎ ಕಡೆಯ ಒಂದು ಎಸ್‌ಎಫ್‌ಪಿ ಕೆಟ್ಟಿತು, ಸರ್ವರ್‌ನ ಸಂಪರ್ಕ ಬಿ ಕಡೆಗೆ ಜಾರಿತು, ಒಂದು ಕೆಲಸವೂ ನಿಲ್ಲಲಿಲ್ಲ. ನಿಲ್ಲದ್ದರಿಂದ ಯಾರೂ ನೋಡಲಿಲ್ಲ. ಲಾಗ್‌ನಲ್ಲಿ ಒಂದು ಸಾಲು ಬಿದ್ದಿತ್ತು, ಅದರ ಮೇಲೆ ಸಾವಿರಾರು ಸಾಲುಗಳು ಬಿದ್ದವು. ಆರು ವಾರದ ನಂತರ ಬಿ ಸ್ವಿಚ್‌ನ ಫರ್ಮ್‌ವೇರ್ ನವೀಕರಣಕ್ಕೆ ದಿನ ಗೊತ್ತಾಯಿತು. ಅರ್ಜಿಯಲ್ಲಿ 'ಎ ಕಡೆ ಇದೆ, ಸೇವೆಗೆ ತೊಂದರೆಯಿಲ್ಲ' ಎಂದು ಬರೆದವನು ನಾನೇ. ಸ್ವಿಚ್ ಮರುಚಾಲನೆಯಾದ ನಿಮಿಷದಲ್ಲಿ ಎರಡೂ ಡ್ರೈವ್‌ಗಳೂ ರೋಬೋಟೂ ಒಟ್ಟಿಗೆ ಕಾಣೆಯಾದವು. ಎರಡು ಕಾರ್ಟ್ರಿಜ್‌ಗಳು ಡ್ರೈವ್‌ಗಳೊಳಗೆ ಅರ್ಧ ಬರೆದ ಸ್ಥಿತಿಯಲ್ಲಿ ಕೂತಿದ್ದವು.

ಆಮೇಲೆ ನಾನು ಮಾಡಿದ್ದು ಹತ್ತು ಸಾಲಿನ ಒಂದು ಸ್ಕ್ರಿಪ್ಟ್. ಲಿನ್‌ಟೇಪ್‌ನ ಎರಡು ಪಟ್ಟಿಗಳನ್ನು ಓದಿ ಸೀರಿಯಲ್ ಸಂಖ್ಯೆಗೆ ಎಷ್ಟು ದಾರಿಗಳಿವೆ ಎಂದು ಎಣಿಸುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ದಾರಿ ಜೀವಂತವಾಗಿರಬೇಕಿಲ್ಲ, ಆದ್ದರಿಂದ ಪ್ರತಿ ಎಚ್‌ಬಿಎ ಪೋರ್ಟ್‌ನ ಸ್ಥಿತಿಯನ್ನೂ ಅದಕ್ಕೆ ಕಾಣುವ ಡ್ರೈವ್ ಪೋರ್ಟ್‌ಗಳ ಸ್ಥಿತಿಯನ್ನೂ ನೋಡುತ್ತದೆ. ಸ್ವಿಚ್‌ನಲ್ಲಿ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ ತುಣುಕುಗಳ) ಎಣಿಕೆ ಏರಿದ್ದರೆ ಅದನ್ನೂ ಸೇರಿಸುತ್ತದೆ; ಪೂರ್ತಿ ಸತ್ತ ಕೇಬಲ್‌ಗಿಂತ ಅರ್ಧ ಜೀವದ ಕೇಬಲ್ ಹೆಚ್ಚು ಸತಾಯಿಸುತ್ತದೆ. ಯಾವುದೇ ಸ್ವಿಚ್ ಮುಟ್ಟುವ ಮುನ್ನ ಈ ಸ್ಕ್ರಿಪ್ಟ್ ಓಡಿಸಿದ ಫಲಿತಾಂಶವನ್ನು ಅರ್ಜಿಗೆ ಲಗತ್ತಿಸಬೇಕೆಂಬ ನಿಯಮವೂ ಬಂತು.

ಎಲ್ಲ ಸರಿಯಿದ್ದರೂ ಅದು ದಿನಾ ಬೆಳಿಗ್ಗೆ ಏಳಕ್ಕೆ ಒಂದು ಸಾಲಿನ ಮಿಂಚಂಚೆ ಕಳುಹಿಸುತ್ತದೆ: 'ದಾರಿ 8, ಜೀವಂತ 8'. ತೊಂದರೆಯಿದ್ದಾಗ ಮಾತ್ರ ಕಳುಹಿಸಿದರೆ ಸಾಲದೇ ಎಂದು ಕೇಳಿದವರುಂಟು. ಸಾಲದು. ಸ್ಕ್ರಿಪ್ಟ್ ಓಡುವ ಸರ್ವರ್ ಕೂಡ ಸಾಯಬಹುದು. ಏಳೂವರೆಯಾದರೂ ಅಂಚೆ ಬರಲಿಲ್ಲವೆಂದರೆ ಕಾಫಿ ಲೋಟ ಕೆಳಗಿಟ್ಟು ಲಾಗಿನ್ ಆಗಿ.